ಓದಿದ ಮಕ್ಕಳು ಉದ್ಯಮ ಹೂಡಹೊರಟಾಗ

ಪದವಿಯ ಕೊನೆಯ ವರ್ಷದಲ್ಲಿರುವ ಮಗನನ್ನೋ ಮಗಳನ್ನೋ ಮುಂದೇನೆಂದು ಕೇಳಿದಾಗ ನಮ್ಮ ಮನೆಗಳಲ್ಲಿ ಬಹುಕಾಲ ಒಂದೇ ಬಗೆಯ ಉತ್ತರಗಳು ಬರುತ್ತಿದ್ದವು. ಬಿ.ಎಡ್. ಮಾಡುತ್ತೇನೆ, ನರ್ಸಿಂಗ್ ಸೇರುತ್ತೇನೆ, ಬ್ಯಾಂಕಿನ ಪರೀಕ್ಷೆಗೆ ಕೂಡುತ್ತೇನೆ, ಸೈನ್ಯಕ್ಕೆ ಹೋಗುತ್ತೇನೆ, ಇಲ್ಲವೇ ಕೊಲ್ಲಿ ರಾಷ್ಟ್ರಕ್ಕೆ ಹೊರಡುತ್ತೇನೆ. ಈಗ ಇವುಗಳ ಜೊತೆಗೆ ಮತ್ತೊಂದು ಉತ್ತರವೂ ಕೇಳಿಬರುತ್ತಿದೆ: 'ಸ್ವಂತದ್ದೇನಾದರೂ ಶುರು ಮಾಡುತ್ತೇನೆ'. ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಊರುಗಳಿಂದ ಬೆಳಗಾವಿಯ ಕಾಲೇಜುಗಳಿಗೆ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ, ನಿಡಸೋಸಿಯ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯಕ್ಕೆ ಹೋಗುವ ವಿದ್ಯಾರ್ಥಿಗಳ ಬಾಯಲ್ಲಿ ಈ ಮಾತು ಬಂದಾಗ ಮನೆಯಲ್ಲಿ ಒಂದು ಕ್ಷಣ ಮೌನ ಆವರಿಸುತ್ತದೆ. 'ಇಷ್ಟು ಓದಿಸಿದ್ದು ಅಂಗಡಿ ಹಾಕಲಿಕ್ಕೇ?' ಎಂಬ ಪ್ರಶ್ನೆ ಆ ಮೌನದ ಹಿಂದೆ ಇರುತ್ತದೆ.

ಆ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಮ್ಮ ಕುಟುಂಬಗಳಲ್ಲಿ ಹೆಚ್ಚಿನವು ತಿಂಗಳ ಸಂಬಳವನ್ನೋ ದಿನದ ಕೂಲಿಯನ್ನೋ ನೆಚ್ಚಿ ಬದುಕಿದವು. ತಲೆಮಾರುಗಳಿಂದ ವ್ಯಾಪಾರ ನಡೆಸಿದ ಮನೆಗಳಲ್ಲಿ ಮಕ್ಕಳು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬೆಳೆದು ಕೊಳ್ಳುವ, ಮಾರುವ, ವಸೂಲು ಮಾಡುವ ವಿದ್ಯೆಯನ್ನು ಅರಿವಿಲ್ಲದೆಯೇ ಕಲಿಯುತ್ತಾರೆ. ನಮ್ಮ ಮಕ್ಕಳಿಗೆ ಆ ಪಾಠ ದೊರೆತಿಲ್ಲ. ನಷ್ಟವಾದರೆ ಆಸರೆಯಾಗಿ ನಿಲ್ಲುವ ಅಣ್ಣತಮ್ಮಂದಿರ ಅಂಗಡಿಗಳೂ ಇಲ್ಲ. ಇರುವುದು ಒಂದು ಮನೆ, ಸ್ವಲ್ಪ ಒಡವೆ, ನಿವೃತ್ತಿಯ ಕಾಲದಲ್ಲಿ ಬಂದ ಒಂದಿಷ್ಟು ಹಣ. ಇವೆಲ್ಲವನ್ನೂ ಮಗನ ಒಂದು ಆಲೋಚನೆಯ ಮೇಲೆ ಪಣವಿಡಬೇಕೇ ಎಂದು ತಂದೆತಾಯಿ ಅಳುಕಿದರೆ ಅದು ಹೇಡಿತನವಲ್ಲ, ವಿವೇಕ. ಆದರೆ ವಿವೇಕವು 'ಬೇಡ' ಎಂಬ ಒಂದೇ ಮಾತಿನಲ್ಲಿ ಮುಗಿದುಹೋದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಎಷ್ಟು, ಹೇಗೆ, ಯಾವಾಗ ಎಂದು ಮಕ್ಕಳೊಡನೆ ಕುಳಿತು ವಿಚಾರಿಸುವುದೇ ನಿಜವಾದ ವಿವೇಕವೆಂಬುದು ನಮ್ಮ ಅಭಿಪ್ರಾಯ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕಾಗಿದೆ. ಉದ್ಯಮವೆಂಬುದು ಬೆಂಗಳೂರು, ಪುಣೆಗಳಂಥ ಮಹಾನಗರಗಳ ಸೊತ್ತು, ನಮ್ಮ ಭಾಗಕ್ಕೆ ಸಲ್ಲದ್ದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇತಿಹಾಸ ಇದಕ್ಕೆ ವಿರುದ್ಧವಾದ ಸಾಕ್ಷಿ ನುಡಿಯುತ್ತದೆ. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕದಲ್ಲಿ, ಆ ನೀರಿನ ಬಲವನ್ನೇ ನಂಬಿ 1880ರ ದಶಕದಲ್ಲಿ ಹತ್ತಿನೂಲಿನ ಗಿರಣಿ ತಲೆಯೆತ್ತಿತು. ದೇಶದ ಬಹುಪಾಲು ಊರುಗಳು ವಿದ್ಯುತ್ತಿನ ಹೆಸರನ್ನೇ ಕೇಳಿರದ ಆ ದಿನಗಳಲ್ಲಿ ಜಲಪಾತದ ನೀರಿನಿಂದ ಯಂತ್ರ ತಿರುಗಿಸುವ ಸಾಹಸ ನಡೆದದ್ದು ಇಲ್ಲಿಯೇ. ಗಿರಣಿಯ ಸುತ್ತ ಒಂದು ಊರೇ ಬೆಳೆಯಿತು. ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಸೇರಿಸಿ ಮನೆಯೊಲೆಯ ಮೇಲೆ ಮಾಡುತ್ತಿದ್ದ ಕರದಂಟು ಗೋಕಾಕದ ಹೆಸರನ್ನು ನಾಡಿನಾಚೆಗೂ ಒಯ್ದಿತು. ಇಲ್ಲಿನ ಕುಶಲಕರ್ಮಿಗಳು ಕಟ್ಟಿಗೆಯಲ್ಲಿ ಕಡೆದು ಬಣ್ಣ ಹಚ್ಚಿದ ಹಣ್ಣುಹಂಪಲು, ಗೊಂಬೆಗಳು ದೂರದೂರದ ಮನೆಗಳನ್ನು ಅಲಂಕರಿಸಿದವು.

ಹುಕ್ಕೇರಿ ತಾಲ್ಲೂಕಿನ ಮಾದರಿ ಇದಕ್ಕಿಂತ ಭಿನ್ನವಾದದ್ದು. ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರಂಥವರ ಮುಂದಾಳತನದಲ್ಲಿ ರೈತರು ಒಟ್ಟುಗೂಡಿ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದರು. 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ತಾಲ್ಲೂಕಿನ ಜನರೇ ಸದಸ್ಯರಾಗಿ ತಮ್ಮ ಹಳ್ಳಿಗಳಿಗೆ ತಾವೇ ವಿದ್ಯುತ್ ಹಂಚಿಕೊಳ್ಳುವ ಇಂಥ ಸಂಘ ರಾಜ್ಯದಲ್ಲಿ ಬೇರೆಲ್ಲೂ ಬೇರೂರಲಿಲ್ಲ. ಇನ್ನು ಇತ್ತೀಚಿನ ಕಾಲಕ್ಕೆ ಬಂದರೆ, ಅದೇ ತಾಲ್ಲೂಕಿನ ಹತ್ತರಗಿಯಲ್ಲಿ ಅರವಿಂದ ಮೆಳ್ಳಿಗೇರಿಯವರು ಸ್ಥಾಪಿಸಿದ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯದಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಬೇಕಾದ ಬಿಡಿಭಾಗಗಳು ತಯಾರಾಗುತ್ತಿವೆ. ಕಬ್ಬಿನ ಗದ್ದೆಗಳ ನಡುವೆ ವಿಮಾನದ ಭಾಗಗಳು ತಯಾರಾಗಬಹುದೆಂದು ಐವತ್ತು ವರ್ಷಗಳ ಹಿಂದೆ ಹೇಳಿದ್ದರೆ ಯಾರು ನಂಬುತ್ತಿದ್ದರು? ಹೀಗಿರುವಾಗ, 'ನಮ್ಮ ಊರಲ್ಲಿ ಏನು ನಡೆಯುತ್ತದೆ?' ಎಂಬ ನಿರಾಶೆಯ ಮಾತಿಗೆ ಆಧಾರವಿಲ್ಲ.

ಹಾಗಾದರೆ ಓದಿದ ಯುವಕನೊಬ್ಬ ಇಲ್ಲಿ ಯಾವ ಉದ್ಯಮ ಹೂಡಬಹುದು? ಪರದೆಯ ಮೇಲೆ ಕಂಡದ್ದನ್ನೆಲ್ಲ ನಕಲು ಮಾಡಹೊರಡುವ ಬದಲು, ಕಾಲಡಿಯ ನೆಲವನ್ನೊಮ್ಮೆ ನೋಡುವುದು ಲೇಸು. ಈ ಭಾಗದ ಕಬ್ಬು, ಅರಿಷಿಣ, ಗೋವಿನಜೋಳ, ಸಂಕೇಶ್ವರದ ಹೆಸರನ್ನೇ ಹೊತ್ತ ಮೆಣಸಿನಕಾಯಿ ಇವೆಲ್ಲ ಬಹುಮಟ್ಟಿಗೆ ಕಚ್ಚಾ ಸರಕಾಗಿಯೇ ಹೊರಗೆ ಹೋಗುತ್ತವೆ. ಅರಿಷಿಣ ಸಾಂಗ್ಲಿಯ ಮಾರುಕಟ್ಟೆ ಸೇರಿ ಅಲ್ಲಿನ ಹೆಸರಿನಲ್ಲಿ ಮಾರಾಟವಾಗುತ್ತದೆ. ಬೆಳೆದವನಿಗಿಂತ ಒಣಗಿಸಿ, ಪುಡಿ ಮಾಡಿ, ಪೊಟ್ಟಣ ಕಟ್ಟಿದವನಿಗೆ ಲಾಭ ಹೆಚ್ಚು. ಬೆಲ್ಲದ ಮಾತೂ ಇಷ್ಟೇ. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿಲೋ ಬೆಲ್ಲ ಸಿಗುತ್ತದೆ. ಹಳದಿ ಹೊಳಪಿಗಾಗಿ ರಾಸಾಯನಿಕ ಬೆರೆಸಿದ ಬೆಲ್ಲವನ್ನು ಕಂಡರೆ ಈಗ ಪಟ್ಟಣದ ಗೃಹಿಣಿಯರು ಹಿಂಜರಿಯುತ್ತಾರೆ. ಹಿಂದಿನವರಂತೆ ಬೆಂಡೆಗಿಡದ ಲೋಳೆಯಿಂದ ಕೊಳೆ ತೆಗೆದು ಶುದ್ಧವಾಗಿ ಕಾಸಿದ ಬೆಲ್ಲವನ್ನು ಅಚ್ಚು, ಪುಡಿ, ಕಾಕಂಬಿಯ ರೂಪದಲ್ಲಿ ಮಾರುವವನಿಗೆ ಬೇಡಿಕೆ ಇದೆ. ಕೇಂದ್ರ ಸರ್ಕಾರ 2020ರಲ್ಲಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯನ್ನು ತಂದಾಗ ಬೆಳಗಾವಿ ಜಿಲ್ಲೆಗೆ ಆಯ್ದ ಉತ್ಪನ್ನವೂ ಬೆಲ್ಲವೇ ಆಗಿತ್ತು.

ಇದಲ್ಲದೆ, ಗೋಕಾಕದಿಂದ ಬೇರ್ಪಟ್ಟು ಮೂಡಲಗಿ ಪ್ರತ್ಯೇಕ ತಾಲ್ಲೂಕಾದ ಮೇಲೆ ಅಲ್ಲಿಗೆ ಕಚೇರಿಗಳು, ಅವುಗಳ ಹಿಂದೆಯೇ ಜನಸಂಚಾರ ಬರುತ್ತಿವೆ. ಕಾಗದಪತ್ರ ಸಿದ್ಧಪಡಿಸುವ, ಲೆಕ್ಕ ಬರೆಯುವ, ಜಮೀನು ಅಳೆಯುವ, ಪಂಪ್‌ಸೆಟ್ ಮತ್ತು ಟ್ರ್ಯಾಕ್ಟರ್ ರಿಪೇರಿ ಮಾಡುವ ಸೇವೆಗಳಿಗೆ ಅವಕಾಶವಿದೆ. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ಕೈಗೆಟಕುವ ದೂರದಲ್ಲಿದೆ. ಸಸಿಮಡಿ, ಹನಿ ನೀರಾವರಿ, ಹಣ್ಣು ತರಕಾರಿಗಳ ಸಂಸ್ಕರಣೆ ಇವುಗಳ ಬಗ್ಗೆ ಅಲ್ಲಿನ ತಜ್ಞರನ್ನು ಹೋಗಿ ಕೇಳುವುದಕ್ಕೆ ನಮ್ಮ ಯುವಕರು ಸಂಕೋಚಪಡಬಾರದು.

ಇಷ್ಟು ಹೇಳಿದ ಮೇಲೆ ಅಪಾಯದ ಮಾತನ್ನೂ ಬಿಚ್ಚಿ ಹೇಳಬೇಕು. ಉದ್ಯಮ ಸೋತರೆ ಹೋಗುವುದು ಹುಡುಗನ ಉತ್ಸಾಹ ಮಾತ್ರವಾದರೆ ಚಿಂತೆಯಿಲ್ಲ. ಅದು ಮರಳಿ ಬರುತ್ತದೆ. ಹೋಗುವುದು ಮನೆಯಾದರೆ ಅದು ಮರಳಿ ಬರುವುದಿಲ್ಲ. ಆದುದರಿಂದ ಪಾಲಕರಿಗೆ ನಮ್ಮ ಮೊದಲನೆಯ ಸಲಹೆ ಇದು: ಮಗನ ಮೊದಲ ಉದ್ಯಮಕ್ಕಾಗಿ ವಾಸದ ಮನೆಯನ್ನು ಅಡವಿಡಬೇಡಿರಿ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಕೊಡುವ 10 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳಕೂಡದೆಂದು ರಿಸರ್ವ್ ಬ್ಯಾಂಕ್ 2010ರಲ್ಲಿಯೇ ಸೂಚಿಸಿದೆ. ಈ ಸಂಗತಿ ತಿಳಿಯದೆ ಎಷ್ಟೋ ಮಂದಿ ಮನೆಯ ಪತ್ರಗಳನ್ನು ಹಿಡಿದೇ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ. ಬ್ಯಾಂಕು ತಡಮಾಡಿತೆಂದು ಬೇಸತ್ತು ವಾರದ ಕಂತಿನ ಸಾಲಕ್ಕೆ ಕೈಯೊಡ್ಡುವವರ ಪಾಡು ಇನ್ನೂ ಕಷ್ಟ. ಒಂದು ಸಾಲ ತೀರಿಸಲು ಇನ್ನೊಂದು, ಅದನ್ನು ತೀರಿಸಲು ಮತ್ತೊಂದು ಎಂದು ಸಿಕ್ಕಿಕೊಂಡ ಕುಟುಂಬಗಳ ಗೋಳು ಎಷ್ಟರಮಟ್ಟಿಗೆ ಹೋಯಿತೆಂದರೆ, ವಸೂಲಿಯ ಕಿರುಕುಳವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ವಾರ ವಾರವೂ ಕಂತು ಕಟ್ಟಬೇಕಾದ ಸಾಲ, ಮೂರು ತಿಂಗಳಾದ ಮೇಲೆ ಹಣ ಕಾಣುವ ಉದ್ಯಮಕ್ಕೆ ಒಗ್ಗುವುದಿಲ್ಲ.

ಸರ್ಕಾರದ ಯೋಜನೆಗಳನ್ನು ಸರಿಯಾಗಿ ತಿಳಿದುಕೊಳ್ಳುವುದೂ ಅಗತ್ಯ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಮಿತಿಯನ್ನು 2022ರಲ್ಲಿ ತಯಾರಿಕಾ ಘಟಕಗಳಿಗೆ 50 ಲಕ್ಷ ರೂಪಾಯಿಗೂ ಸೇವಾ ಘಟಕಗಳಿಗೆ 20 ಲಕ್ಷ ರೂಪಾಯಿಗೂ ಏರಿಸಲಾಯಿತು. ಅದರ ನಿಯಮದಂತೆ ಅಲ್ಪಸಂಖ್ಯಾತರು, ಮಹಿಳೆಯರು ಮೊದಲಾದ ವಿಶೇಷ ವರ್ಗದವರು ಗ್ರಾಮೀಣ ಪ್ರದೇಶದಲ್ಲಿ ಘಟಕ ಹೂಡಿದರೆ ಯೋಜನಾ ವೆಚ್ಚದ ಶೇ. 35ರಷ್ಟು, ಪಟ್ಟಣದಲ್ಲಾದರೆ ಶೇ. 25ರಷ್ಟು ಸಹಾಯಧನ, ಸ್ವಂತದ ಪಾಲು ಶೇ. 5. ಆದರೆ ಸಹಾಯಧನವೆಂದರೆ ಕೈಗೆ ಬರುವ ನಗದು ಎಂದು ತಿಳಿದವರು ಮೋಸಹೋಗುತ್ತಾರೆ. ಆ ಹಣ ಬ್ಯಾಂಕಿನಲ್ಲಿಯೇ ಮೂರು ವರ್ಷ ಠೇವಣಿಯಾಗಿ ಉಳಿದು, ಘಟಕ ನಿಜವಾಗಿ ನಡೆಯುತ್ತಿದೆಯೆಂದು ಖಾತ್ರಿಯಾದ ಮೇಲೆ ಸಾಲಕ್ಕೆ ವಜಾ ಆಗುತ್ತದೆ. ಸಹಾಯಧನದ ಆಸೆಗೆ ಉದ್ಯಮ ಆರಂಭಿಸುವುದು ಬಂಡಿಯನ್ನು ಎತ್ತಿನ ಮುಂದೆ ಕಟ್ಟಿದಂತೆ. ಯೋಜನೆಗಳ ಅವಧಿ, ನಿಯಮಗಳು ಬದಲಾಗುತ್ತಿರುತ್ತವೆಯಾದ್ದರಿಂದ ಅರ್ಜಿ ಹಾಕುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಖುದ್ದಾಗಿ ವಿಚಾರಿಸಬೇಕು. ಉದ್ಯಮ ನೋಂದಣಿಗೆ ಸರ್ಕಾರ ಶುಲ್ಕ ಪಡೆಯುವುದಿಲ್ಲ. ಅದಕ್ಕಾಗಿ ಮಧ್ಯವರ್ತಿಗೆ ಸಾವಿರಾರು ರೂಪಾಯಿ ತೆರುವ ಅಗತ್ಯವಿಲ್ಲ.

ಕಾಲೇಜಿನಲ್ಲಿ ಕಲಿಯುವ ಲೆಕ್ಕಕ್ಕೂ ಅಂಗಡಿಯ ಲೆಕ್ಕಕ್ಕೂ ಇರುವ ಅಂತರವನ್ನು ಒಂದು ಕಲ್ಪಿತ ಉದಾಹರಣೆಯಿಂದ ತೋರಿಸಬಹುದು. ಕರದಂಟು ತಯಾರಿಸುವ ಸಣ್ಣ ಘಟಕವೊಂದು ತಿಂಗಳಿಗೆ 60,000 ರೂಪಾಯಿಯ ಸರಕು ಮಾರುತ್ತದೆಯೆನ್ನೋಣ. ಸಾಮಗ್ರಿಗೆ 38,000, ಬಾಡಿಗೆಗೆ 5,000, ಸಹಾಯಕಿಯ ಸಂಬಳಕ್ಕೆ 9,000, ಸಾಲದ ಕಂತಿಗೆ 6,000. ಎಲ್ಲ ಕಳೆದು ಉಳಿಯುವುದು 2,000 ರೂಪಾಯಿ. ತಿಂಗಳಿಡೀ ದುಡಿದ ಮಾಲೀಕನ ಕೂಲಿ ಇದರಲ್ಲೇ ಬರಬೇಕು. ಇನ್ನು ಆ ಸರಕಿನ ಕಾಲುಭಾಗ ಉದ್ರಿಯಾಗಿ ಹೋಗಿದ್ದರೆ 15,000 ರೂಪಾಯಿ ಕೈಗೆ ಬಂದಿರುವುದೇ ಇಲ್ಲ. ಲೆಕ್ಕದಲ್ಲಿ 2,000 ಲಾಭ, ಗಲ್ಲೆಯಲ್ಲಿ 13,000 ಕೊರತೆ. ನಮ್ಮ ಊರುಗಳಲ್ಲಿ ಸಣ್ಣ ವ್ಯಾಪಾರಗಳನ್ನು ಕೆಡವುವುದು ಹೆಚ್ಚಾಗಿ ಈ ಉದ್ರಿಯೇ. ಪರಿಚಯದವರು, ಬಂಧುಗಳು, ಒಂದೇ ಚರ್ಚಿನವರು ಎಂಬ ದಾಕ್ಷಿಣ್ಯಕ್ಕೆ ಕೊಟ್ಟ ಸರಕಿನ ಹಣ ಕೇಳಲು ನಾಚಿಕೆ, ಕೇಳಿದರೆ ಮುನಿಸು. ಈ ವಿಷಯದಲ್ಲಿ ತಿದ್ದಿಕೊಳ್ಳಬೇಕಾದವರು ಕೇವಲ ಯುವ ಉದ್ಯಮಿಗಳಲ್ಲ, ಕೊಳ್ಳುವ ನಾವೂ ಹೌದು. ನಮ್ಮವನ ಅಂಗಡಿಯೆಂದು ಅಭಿಮಾನವಿದ್ದರೆ ಅದನ್ನು ನಗದು ಕೊಟ್ಟು ತೋರಿಸೋಣ. ರಿಯಾಯಿತಿ ಕೇಳಿ ಅಲ್ಲ.

ಪ್ರಕೃತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿದಾಗ ಮನೆಗಳೊಂದಿಗೆ ಅಂಗಡಿಗಳೂ ಅವುಗಳಲ್ಲಿನ ಸರಕೂ ನೀರುಪಾಲಾದದ್ದನ್ನು ಈ ಭಾಗದ ಯಾರೂ ಮರೆತಿರಲಾರರು. ವರ್ಷಗಳ ಗಳಿಕೆ ಎರಡೇ ದಿನಗಳಲ್ಲಿ ಕೆಸರಾಗಬಹುದು. ಜಾಗ ಹಿಡಿಯುವಾಗ ಬಾಡಿಗೆ ಎಷ್ಟೆಂದು ಕೇಳುವಂತೆಯೇ ಮಹಾಪೂರದ ನೀರು ಎಲ್ಲಿಯವರೆಗೆ ಬಂದಿತ್ತೆಂದೂ ಕೇಳಬೇಕು. ಸರಕಿಗೆ ವಿಮೆ ಮಾಡಿಸುವುದು ದಂಡದ ಖರ್ಚಲ್ಲ.

ಮಕ್ಕಳಿಗೆ ನಮ್ಮ ಸಲಹೆಯೆಂದರೆ, ಹಣ ಹೂಡುವ ಮೊದಲು ಒಂದು ವರ್ಷ ಹೂಡಿರಿ. ಯಾವ ಉದ್ಯಮ ಮಾಡಬೇಕೆಂದಿರುವಿರೋ ಅದೇ ಉದ್ಯಮದಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿಯಿರಿ. ಪದವೀಧರನಾಗಿ ಮೂಟೆ ಎತ್ತುವುದೇ ಎಂದು ನಾಚಬೇಡಿರಿ. ಕೈ ಕೆಸರಾದರೆ ಬಾಯಿ ಮೊಸರು ಎಂದ ಹಿರಿಯರು ಪದವೀಧರರಿಗೆ ವಿನಾಯಿತಿ ಕೊಟ್ಟಿಲ್ಲ. ಕಲಿಯಲು ಸಂಸ್ಥೆಗಳೂ ಇವೆ. ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತನದಲ್ಲಿ ಎರಡು ಬ್ಯಾಂಕುಗಳ ಸಹಯೋಗದೊಂದಿಗೆ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ, ಗ್ರಾಮೀಣ ಯುವಜನರಿಗೆ ಊಟ ವಸತಿಯೊಂದಿಗೆ ಉಚಿತ ತರಬೇತಿ ಕೊಡುವ ಪದ್ಧತಿಯನ್ನು ಹಾಕಿಕೊಟ್ಟಿತು. ಮುಂದೆ ಇಡೀ ದೇಶವೇ ಜಿಲ್ಲೆಗೊಂದರಂತೆ ಆ ಮಾದರಿಯನ್ನು ಅನುಸರಿಸಿತು. ಧಾರವಾಡದಲ್ಲಿ ಕರ್ನಾಟಕ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರವಿದೆ. ಹುಬ್ಬಳ್ಳಿಯಲ್ಲಿ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನ ಉತ್ತರ ಕರ್ನಾಟಕದ ಯುವ ಉದ್ಯಮಿಗಳಿಗೆ ನೆರವಾಗುತ್ತಿದೆ. ಇವೆಲ್ಲ ಒಂದು ದಿನದ ಪ್ರಯಾಣದೊಳಗೇ ಇವೆ.

ಇನ್ನು ಧರ್ಮಸಭೆಯ ಜವಾಬ್ದಾರಿ. ಉದ್ಯಮವನ್ನು ಧರ್ಮಸಭೆ ಕೀಳಾಗಿ ಕಾಣುವುದಿಲ್ಲ. ಎರಡನೆಯ ಜಾನ್ ಪೌಲರು 1991ರ ತಮ್ಮ ವಿಶ್ವಪತ್ರದಲ್ಲಿ ಲಾಭದ ನ್ಯಾಯವಾದ ಪಾತ್ರವನ್ನು ಒಪ್ಪಿ, ಅದೊಂದೇ ಅಳತೆಗೋಲಲ್ಲವೆಂದು ಎಚ್ಚರಿಸಿದರು. ಪೋಪ್ ಫ್ರಾನ್ಸಿಸರು 2015ರಲ್ಲಿ ಉದ್ಯಮವನ್ನು ಉದಾತ್ತ ಕರೆಯೆಂದೇ ಬಣ್ಣಿಸಿ, ಉದ್ಯೋಗ ಸೃಷ್ಟಿಯನ್ನು ಅದರ ಸೇವೆಯೆಂದು ಕಂಡರು. ಆದರೆ ಮಾತಿಗಿಂತ ಕೃತಿಯ ಉದಾಹರಣೆ ಹೆಚ್ಚು ಪ್ರೇರಕ. ಸ್ಪೇನ್ ದೇಶದ ಬಾಸ್ಕ್ ಪ್ರಾಂತದ ಮೊಂದ್ರಾಗೋನ್ ಎಂಬ ಸಣ್ಣ ಊರಿಗೆ 1941ರಲ್ಲಿ ಹೋಸೆ ಮರಿಯಾ ಅರಿಸ್ಮೆಂದಿಯರ್ರಿಯೆತಾ ಎಂಬ ಯುವ ಗುರುಗಳು ಬಂದರು. ಅಂತರ್ಯುದ್ಧದಿಂದ ನಲುಗಿದ ಊರು, ಕೆಲಸವಿಲ್ಲದ ಹುಡುಗರು. ಅವರು 1943ರಲ್ಲಿ ಒಂದು ತಾಂತ್ರಿಕ ಶಾಲೆ ತೆರೆದರು. ಆ ಶಾಲೆಯಲ್ಲಿ ಕಲಿತ ಐವರು ಯುವಕರು 1956ರಲ್ಲಿ ಒಲೆಗಳನ್ನು ತಯಾರಿಸುವ ಘಟಕ ಆರಂಭಿಸಿದರು. 1959ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕನ್ನು ಕಟ್ಟಿಕೊಂಡರು. ಇಂದು ಅದು ಹತ್ತಾರು ಸಾವಿರ ಜನರಿಗೆ ಕೆಲಸ ಕೊಟ್ಟಿರುವ ಸಹಕಾರಿ ಸಂಸ್ಥೆಗಳ ಸಮೂಹ. ಗಮನಿಸಬೇಕಾದ ಸಂಗತಿಯೆಂದರೆ, ಶಾಲೆಗೂ ಮೊದಲ ಉದ್ಯಮಕ್ಕೂ ನಡುವೆ ಹದಿಮೂರು ವರ್ಷಗಳ ಸಿದ್ಧತೆಯಿತ್ತು. ಆ ಮೊದಲ ಘಟಕದಿಂದ ಬೆಳೆದ ಗೃಹೋಪಯೋಗಿ ಯಂತ್ರಗಳ ಕಂಪನಿ 2013ರಲ್ಲಿ ದಿವಾಳಿಯಾದಾಗ, ಕೆಲಸ ಕಳೆದುಕೊಂಡ ಸದಸ್ಯರಲ್ಲಿ ಅನೇಕರಿಗೆ ಸೋದರ ಸಂಸ್ಥೆಗಳು ಎಡೆ ಮಾಡಿಕೊಟ್ಟವು. ಅಂದರೆ ಅಲ್ಲಿಯೂ ಸೋಲು ತಪ್ಪಲಿಲ್ಲ. ಬಿದ್ದವರನ್ನು ಎತ್ತುವ ಕೈಗಳು ಮಾತ್ರ ಸಿದ್ಧವಾಗಿದ್ದವು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ನಾಡಿನ ಮಂಗಳೂರಿನಲ್ಲಿ ಕಥೋಲಿಕರು 1912ರಲ್ಲಿಯೇ ತಮ್ಮದೊಂದು ಸಹಕಾರಿ ಬ್ಯಾಂಕನ್ನು ಸ್ಥಾಪಿಸಿ ಒಂದು ಶತಮಾನ ಮೀರಿ ನಡೆಸಿಕೊಂಡು ಬಂದಿದ್ದಾರೆ. ಬೆಳಗಾವಿ ಧರ್ಮಕ್ಷೇತ್ರ 1953ರಲ್ಲಿ ಸ್ಥಾಪನೆಯಾಯಿತು. ಶಾಲೆ, ಆಸ್ಪತ್ರೆಗಳ ಮೂಲಕ ನಮ್ಮ ಜನ ಈ ಭಾಗಕ್ಕೆ ಸಲ್ಲಿಸಿರುವ ಸೇವೆ ಎಲ್ಲರಿಗೂ ತಿಳಿದದ್ದೇ. ಆದರೆ ಆ ಶಾಲೆಗಳಲ್ಲಿ ಓದಿ ಹೊರಬಂದ ನಮ್ಮ ಮಕ್ಕಳಿಗೆ ನೌಕರಿಯಲ್ಲದೆ ಬೇರೆ ದಾರಿಯೂ ಉಂಟೆಂದು ತೋರಿಸುವ ಕೆಲಸ ಸಾಕಷ್ಟು ಆಗಿಲ್ಲ. ನಮ್ಮ ಕುಟುಂಬಗಳು ಸಂಖ್ಯೆಯಲ್ಲಿ ಕಡಿಮೆ, ನಿಜ. ಆದರೂ ಪ್ರತಿಯೊಂದು ಧರ್ಮಕೇಂದ್ರದಲ್ಲಿ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಲೆಕ್ಕ ಬಲ್ಲವರೊಬ್ಬರು, ವ್ಯಾಪಾರ ನಡೆಸಿ ಅನುಭವವಿರುವವರೊಬ್ಬರು ಸಿಕ್ಕಿಯೇ ಸಿಗುತ್ತಾರೆ. ಸಿಗದಿದ್ದರೆ ನೆರೆಯ ಧರ್ಮಕೇಂದ್ರದಿಂದ, ಇಲ್ಲವೇ ಅನ್ಯಧರ್ಮದ ಹಿತೈಷಿಗಳಿಂದ ನೆರವು ಕೇಳಬಹುದು. ಇಂಥ ಮೂವರು ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಒಂದು ಗಂಟೆ ಕುಳಿತು, ಉದ್ಯಮದ ಆಲೋಚನೆ ಹೊತ್ತು ಬಂದ ಯುವಕ ಯುವತಿಯರ ಲೆಕ್ಕವನ್ನು ಓದಿ, ತಪ್ಪಿದ್ದಲ್ಲಿ ತಿದ್ದಿ, ಬ್ಯಾಂಕಿಗೆ ಹೋಗುವಾಗ ಜೊತೆಗೆ ನಡೆದರೆ ಅದಕ್ಕೆ ಕಟ್ಟಡವೂ ಬೇಡ, ದೊಡ್ಡ ನಿಧಿಯೂ ಬೇಡ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಧರ್ಮಕೇಂದ್ರಗಳು ಒಟ್ಟಾಗಿ ಇದನ್ನು ಆರಂಭಿಸಲೆಂದು ಕೋರುತ್ತೇವೆ.

ಮನೆಯಲ್ಲಿ ಮಗನ ಮಾತಿಗೆ ಕಿವಿಗೊಡುವ ನಾವು ಮಗಳ ಮಾತಿಗೂ ಕಿವಿಗೊಡುತ್ತೇವೆಯೇ ಎಂದು ಕೇಳಿಕೊಳ್ಳಬೇಕು. ಅವಳ ಮದುವೆಗೆಂದು ಕೂಡಿಟ್ಟ ಒಡವೆಯನ್ನು ಅಣ್ಣನ ಅಂಗಡಿಗೆ ಅಡವಿಡುವ ಮನೆಗಳುಂಟು. ಅದೇ ಒಡವೆಯ ಹತ್ತರಲ್ಲೊಂದು ಪಾಲನ್ನು ಅವಳ ಹೊಲಿಗೆ ಘಟಕಕ್ಕೋ ಬೇಕರಿಗೋ ಕೊಡಲು ಅದೇ ಮನೆ ಒಪ್ಪದು. ಇದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಕಡೆಯದಾಗಿ, ತಲಾಂತುಗಳ ಸಾಮತಿಯನ್ನು ನಾವೆಲ್ಲರೂ ಕೇಳಿದ್ದೇವೆ. ಒಡೆಯನ ಕೋಪಕ್ಕೆ ಗುರಿಯಾದವನು ವ್ಯಾಪಾರದಲ್ಲಿ ಸೋತವನಲ್ಲ. ಅಂಜಿಕೆಯಿಂದ ಹಣವನ್ನು ನೆಲದಲ್ಲಿ ಹೂತಿಟ್ಟವನು. ಆದರೆ ಲೂಕನ ಶುಭಸಂದೇಶದಲ್ಲಿ, ಗೋಪುರ ಕಟ್ಟುವ ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕದವನ ಮಾತೂ ಬರುತ್ತದೆ. ಮೊದಲನೆಯದು ಪಾಲಕರಿಗೆ, ಎರಡನೆಯದು ಮಕ್ಕಳಿಗೆ ಎಂದು ಇಟ್ಟುಕೊಳ್ಳಬಹುದು. ಉದ್ಯಮ ಗೆದ್ದರೆ ಕೆಲಸಗಾರರಿಗೆ ಸರಿಯಾದ ಸಂಬಳ, ಗಿರಾಕಿಗೆ ಸರಿಯಾದ ತೂಕ, ಸರ್ಕಾರಕ್ಕೆ ಸರಿಯಾದ ತೆರಿಗೆ ಸಲ್ಲಲಿ. ಸೋತರೆ, ಸೋತ ಹುಡುಗ ಪೂಜೆಗೆ ಬಂದಾಗ ಬೆನ್ನ ಹಿಂದೆ ಪಿಸುಮಾತು ಕೇಳದಿರಲಿ. ಒಮ್ಮೆ ಸೋತವನಿಗೆ ಎರಡನೆಯ ಸಲ ನಿಲ್ಲಲು ಹಣಕ್ಕಿಂತ ಮೊದಲು ಬೇಕಾಗುವುದು, ತಲೆಯೆತ್ತಿ ನಡೆಯಬಲ್ಲ ಒಂದು ಊರು. ಅದನ್ನು ಕೊಡಲು ನಮಗೆ ಯಾವ ಬ್ಯಾಂಕಿನ ಮಂಜೂರಾತಿಯೂ ಬೇಕಾಗಿಲ್ಲ.